ಕಡಿಯದೆ ಬಿಟ್ಟ ದಾರ

ಮನೆಯಿಂದ, ಮಗ್ಗದ ಕೋಣೆಯ ಕಿಟಕಿಯ ಪಕ್ಕ
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಹಟಮಾರಿ ಮಗನಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೋದ ಕಾಗದದಲ್ಲಿ ಕೆಮ್ಮು ಇಲ್ಲ, ಕೆಮ್ಮು ಇಲ್ಲ ಎಂದು ಎರಡೆರಡು ಸಲ ಬರೆದಿದ್ದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಇಲ್ಲದ ಕೆಮ್ಮನ್ನು ಯಾರೂ ಎರಡು ಸಲ ಇಲ್ಲ ಎನ್ನುವುದಿಲ್ಲ. ಗಿರಣಿಯೊಳಗೆ ನೂಲಿನ ಧೂಳು ಹಾರುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಮೂಗಿನ ತುದಿಯಲ್ಲಿ ಸದಾ ಕೋಪ ಕುಳಿತಿರುತ್ತದೆ, ಬಟ್ಟೆಗೆ ಜಾಗವಿಲ್ಲ ಎನ್ನಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳೆಯ ಇನ್ನೂ ಗೊರಕೆ ಹೊಡೆಯುತ್ತಾನೆಯೇ? ಪಾಪ, ಅವನಿಗೂ ಒಬ್ಬ ತಾಯಿ ಇರುತ್ತಾಳೆ, ಬೈಯಬೇಡ. ನಿನ್ನ ಅರ್ಧ ಹೊದಿಕೆ ಬೆಚ್ಚಗಿದೆಯೇ? ಹೊಲಿಗೆ ಬಿಚ್ಚಿದ ಕಡೆ ಎಳೆಗಳು ಜಾರುತ್ತಿದ್ದರೆ ಅಂಚು ಮಡಿಸಿ ಹೊಲಿದುಕೋ. ಅಷ್ಟು ದೊಡ್ಡ ದೊಡ್ಡ ಮಗ್ಗ ರಿಪೇರಿ ಮಾಡುವವನಿಗೆ ಸೂಜಿ ಹಿಡಿಯಲು ಏನು ಕಷ್ಟ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ಬಾಯಲ್ಲಿ ಉಳಿದಿದ್ದ ಕೊನೆಯ ಹಲ್ಲೂ ಹೋದ ತಿಂಗಳು ಬಿದ್ದುಹೋಯಿತು. ಆದರೂ ನನ್ನ ಬೊಚ್ಚುಬಾಯಿ ಈಗ ಎಲ್ಲರಿಗೂ ಗೊತ್ತು. ಊರ ಬಾಯಿಯ ಗೇಟಿನ ಪಕ್ಕದ ಬೋರ್ಡಿನಲ್ಲಿ ನಾನು ನಗುತ್ತಿರುವ ಚಿತ್ರ ಹಾಕಿದ್ದಾರೆ, ನಮ್ಮ ಮನೆಯ ಬಾಗಿಲಿನಷ್ಟು ದೊಡ್ಡದು. ಒಂದು ಕಾಗೆ ದಿನಾ ಬಂದು ನನ್ನ ತಲೆಯ ಮೇಲೆ ಕೂರುತ್ತದೆ. ನಿನ್ನಪ್ಪ ಇದ್ದಿದ್ದರೆ "ನನಗೆ ಬಾರದ ಧೈರ್ಯ ಇದಕ್ಕೆ ಬಂತಲ್ಲ" ಎನ್ನುತ್ತಿದ್ದರು. ಹಳೇ ಕಾಲದ ಊರು ನೋಡಲು ಬರುವ ಅತಿಥಿಗಳ ಬಸ್ಸಿನ ಹಾರ್ನ್ ಕೇಳಿದೊಡನೆ ನಮ್ಮ ಬೀದಿಯಲ್ಲಿ ಏನಾಗುತ್ತದೆ ಎಂದು ನೀನು ನೋಡಬೇಕು. ಪ್ಲಾಸ್ಟಿಕ್ ಬಕೆಟ್ಟುಗಳು ಮಂಚದ ಕೆಳಗೆ ಓಡುತ್ತವೆ. ಗೋಡೆ ಗಡಿಯಾರದ ಮೇಲೆ ಬಟ್ಟೆ ಬೀಳುತ್ತದೆ. ಬಡಗಿಯ ಮನೆಯವರು ಹೊಸ ಫ್ರಿಜ್ಜಿನ ಮುಂದೆ ಬುಟ್ಟಿಗಳನ್ನು ರಾಶಿ ಹಾಕುತ್ತಾರೆ. ನನ್ನ ಕನ್ನಡಕ ಹಿಟ್ಟಿನ ಡಬ್ಬಿಯ ಹಿಂದೆ ಹೋಗುತ್ತದೆ. ಕನ್ನಡಕ ಹಾಕಿದ ಮುದುಕಿ ಹಳೇ ಕಾಲದವಳ ಹಾಗೆ ಕಾಣುವುದಿಲ್ಲವಂತೆ! ಹಳೇ ಕಾಲದವಳು ಆಗಿದ್ದಕ್ಕೇ ಕನ್ನಡಕ ಬಂದದ್ದಪ್ಪಾ ಎಂದು ಇದನ್ನೆಲ್ಲ ನಡೆಸುವ ಮ್ಯಾನೇಜರಿಗೆ ಹೇಳಿದೆ. ಅವನು ಚೆನ್ನಾಗಿ ನಕ್ಕ, ಕನ್ನಡಕ ಮಾತ್ರ ಡಬ್ಬಿಯ ಹಿಂದೆಯೇ ಉಳಿಯಿತು.

ಅತಿಥಿಗಳಿಗೆ ದಿನಾ ಮದುವೆ ಆಡಿ ತೋರಿಸುವ ಅಂಗಳದ ಸುದ್ದಿ ಬರೆದರೆ ನೀನು ಕಾಗದ ಮಡಿಸಿ ಇಟ್ಟುಬಿಡುತ್ತೀಯ ಎಂದು ಗೊತ್ತು. ಇಡಬೇಡ, ಓದು. ಈ ಸಲ ಅಂಗಳದ ಸುದ್ದಿಯಲ್ಲಿ ನಿನ್ನ ಮಗಳ ಸುದ್ದಿಯೂ ಇದೆ. ಆ ಅಂಗಳದಿಂದ ಒಳ್ಳೆಯದೇ ಆಗಿಲ್ಲ ಎಂದರೆ ನನ್ನ ನಾಲಿಗೆ ಕೊಳೆತುಹೋಗಲಿ. ಶಾಲೆಯ ಸೂರು ಸೋರುವುದು ನಿಂತಿದೆ. ನರ್ಸಮ್ಮ ವಾರವಾರ ಬರುತ್ತಾಳೆ. ಊರು ಬಿಡಬೇಕೆಂದಿದ್ದ ಹುಡುಗ ಹುಡುಗಿಯರು ಇಲ್ಲೇ ಉಳಿದರು. ಆದರೆ ಕುರಿ ಮೇಯುತ್ತಿದ್ದ ಇಳಿಜಾರಿನಲ್ಲಿ ಈಗ ಅತಿಥಿಗಳ ಮನೆಗಳಿವೆ, ಉಣ್ಣೆ ಪೊಟ್ಟಣದಲ್ಲಿ ಬರುತ್ತದೆ. ಮೊನ್ನೆ ಅತಿಥಿಗಳಲ್ಲಿ ಒಬ್ಬಾಕೆ ನೇರ ಅಡುಗೆಮನೆಗೆ ಬಂದು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಪಕ್ಕದ ಮನೆಯ ಕೂಸು ಯಾರಾದರೂ ಫೋನ್ ಎತ್ತಿದರೆ ಸಾಕು, ಅಳುತ್ತಿದ್ದದ್ದು ನಿಲ್ಲಿಸಿ ನಗುತ್ತದೆ, ಆಮೇಲೆ ಅಂಗೈ ಚಾಚುತ್ತದೆ. ಅದಕ್ಕೆ ಇನ್ನೂ ಮಾತು ಬಂದಿಲ್ಲ ಕಣೋ. ಕೊಳಲಿನ ತಾತ ನಿನಗೆ ನೆನಪಿರಬೇಕು, ಮದುವೆಯ ದಿನ ಅವರು ಒಂದು ರಾಗ ಹಿಡಿದರೆ ಬಿಸಿಲು ಇಳಿಯುವವರೆಗೂ ಬಿಡುತ್ತಿರಲಿಲ್ಲ. ಈಗ ಅತಿಥಿಗಳು ಚಹಾ ಕುಡಿದು ಮುಗಿಸುವುದರೊಳಗೆ ಮುಗಿಸಬೇಕು. "ಮುಂದಿನದು ಮರೆತು ಹೋಗ್ತಿದೆ ತಾಯೀ, ಯಾರಿಗೂ ಹೇಳ್ಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಿನಗೆ ಹೇಳಿದ್ದೇನೆ, ನೀನು ಯಾರಿಗೂ ಹೇಳಬೇಡ.

ಇದನ್ನೆಲ್ಲ ನೀನು ಆವತ್ತೇ ಹೇಳಿದ್ದೆ. ಪೇಟೆಯಿಂದ ಪ್ಯಾಂಟು ಕೋಟು ಹಾಕಿಕೊಂಡು ಬಂದ ನಿನ್ನನ್ನು ಹೊಸ ಕಾವಲಿನವನು ಗೇಟಿನಲ್ಲಿ ನಿಲ್ಲಿಸಿ, "ನೀವು ಇಲ್ಲಿಯವರ ಥರ ಕಾಣಲ್ಲ ಸಾರ್, ಟಿಕೆಟ್ ತಗೊಳ್ಳಿ" ಎಂದನಲ್ಲ. ನೀನೋ, ಜಗಳವಾಡಿದ್ದರೆ ಮುಗಿಯುತ್ತಿತ್ತು, ಸುಮ್ಮನೆ ಟಿಕೆಟ್ ತೆಗೆದುಕೊಂಡು ಬಂದು ನನ್ನ ಮಡಿಲಿಗೆ ಹಾಕಿದೆ. "ತಗೋ ಅಮ್ಮಾ, ನಮ್ಮನೆಗೆ ಬರೋಕೆ ಟಿಕೆಟ್. ನೀನು ನಮ್ಮ ಮದುವೇನ ಮಾರ್ತಾ ಕೂತಿರು, ನಾನು ಇನ್ನೊಂದ್ಸಲ ಆ ಗೇಟು ದಾಟಿ ಒಳಗೆ ಬರಲ್ಲ" ಎಂದೆ. ಮಾರನೆಯ ದಿನ ಹೊರಟೇಬಿಟ್ಟೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಿನಗೆ ಚಿಕ್ಕವನಿದ್ದಾಗಿನಿಂದ ಹೇಳಿದ್ದೇನೆ. ನನಗೆ ಆ ಮಾತು ನೋವು ಮಾಡಿತು. ಈಗಲೂ ಮಾಡುತ್ತದೆ.

ಯಾಕೆಂದರೆ ನಾನು ಮಾರಿರಲಿಲ್ಲ. ನಮ್ಮ ಪದ್ಧತಿ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಗೈಡ್ ಹುಡುಗಿ ಮೈಕಿನಲ್ಲಿ ದಿನಾ ವಿವರಿಸುವುದನ್ನು ಕೇಳಿ ಕೇಳಿ ನನಗೂ ವಿವರಿಸುವ ಚಟ ಹತ್ತಿದೆ, ಸಹಿಸಿಕೋ. ಹುಡುಗಿಯ ಮನೆಯಲ್ಲಿ ಅರ್ಧ ಹೊದಿಕೆ ನೇಯುತ್ತಾರೆ, ಹುಡುಗನ ಮನೆಯಲ್ಲಿ ಅರ್ಧ. ಮದುವೆಯ ದಿನ ಇಬ್ಬರ ಮೊಣಕಾಲ ಮೇಲೆ ಎರಡನ್ನೂ ಹರಡಿ, ಊರಿನ ಹಿರಿಯ ಹೆಂಗಸು ನಡುವೆ ಹೊಲಿಗೆ ಹಾಕುತ್ತಾಳೆ. ಕೊನೆಯಲ್ಲಿ ಗಂಟು ಹಾಕುತ್ತಾಳೆ. ಹುಡುಗಿಯ ಅಪ್ಪ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿಯುತ್ತಾನೆ. ಅಲ್ಲಿಗೆ ಮದುವೆ ಆಯಿತು. ಆ ಹೊಲಿಗೆಗೆ ಕತ್ತರಿ ತಾಗುವುದು ಒಂದೇ ಸಲ, ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ. ಹೋದವರ ಜೊತೆ ಒಂದರ್ಧ ಹೋಗುತ್ತದೆ, ಇದ್ದವರು ಇನ್ನೊಂದರ್ಧ ಹೊದ್ದುಕೊಳ್ಳುತ್ತಾರೆ. ನನ್ನ ಹೊಲಿಗೆಯನ್ನು ನೀನು ಬಿಚ್ಚಿದೆ. ನಿನ್ನದನ್ನು ಬಿಚ್ಚಿದವಳು ನಾನು, ನನ್ನ ಸೊಸೆ ಹೋದ ದಿನ, ಈ ಕೈಯಿಂದಲೇ. ಇಷ್ಟೆಲ್ಲ ಗೊತ್ತಿದ್ದವಳು ಅತಿಥಿಗಳ ಮುಂದೆ ನಿಜವಾದ ಹೊಲಿಗೆ ಹಾಕುತ್ತೇನೆಯೇ? ಅಂಗಳದಲ್ಲಿ ನಾನು ಯಾವತ್ತೂ ಗಂಟು ಹಾಕಿದವಳಲ್ಲ. ಉದ್ದುದ್ದ ಸಡಿಲ ಹೊಲಿಗೆ, ಕೊನೆಯಲ್ಲಿ ದಾರ ಹಾಗೇ ಇಳಿಬಿಟ್ಟು ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಚಪ್ಪಾಳೆ ಮುಗಿದು, ಅತಿಥಿಗಳೂ ಜೋಡಿ ಜೋಡಿಯಾಗಿ ಅದನ್ನು ಹೊದ್ದು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದ ಮೇಲೆ ಒಂದೇ ಎಳೆತ, ದಾರ ಸರ್ರನೆ ಈಚೆ ಬರುತ್ತಿತ್ತು. ನಾಳೆಗೆ ಮತ್ತೆ ಎರಡು ತುಂಡು. ಗಂಟಿಲ್ಲದ ಹೊಲಿಗೆಗೆ ಪಾಪವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆದರೆ ಆ ಬೆಂಚಿನ ಮೇಲೆ ದಿನಾ ಮದುಮಗಳಾಗಿ ಕೂರುತ್ತಿದ್ದವಳು ನಮ್ಮ ಪುಟ್ಟಿ. ಮದುಮಗ ಬಡಗಿಯ ಕಿರಿಯ ಮಗ, ಊರೆಲ್ಲ ಕೊಕ್ಕರೆ ಎಂದು ಕರೆಯುವವನು. ಚಿಕ್ಕವನಿದ್ದಾಗ ನಮ್ಮ ಸೂರಿನಿಂದ ಬಿದ್ದು ನಿನ್ನ ಕೈಲಿ ಬೈಸಿಕೊಂಡವನೇ. ಕಾಲುಗಳು ಈಗ ಇನ್ನೂ ಉದ್ದವಾಗಿವೆ. ಮೊದಮೊದಲು ಇಬ್ಬರೂ ಬೆಂಚಿನ ಮೇಲೆ ಕೂತು ಮುಸಿಮುಸಿ ನಗುತ್ತಿದ್ದರು. ಆಮೇಲೆ ನಗುವುದೂ ನಿಂತಿತು. ಪುಟ್ಟಿ ನಾಚಬೇಕಾದ ಕಡೆ ಸರಿಯಾಗಿ ತಲೆ ತಗ್ಗಿಸುತ್ತಿದ್ದಳು, ಬಸ್ಸು ಹೋದೊಡನೆ ತಲೆ ಎತ್ತಿ "ಅಜ್ಜಿ, ಹಸಿವು" ಎನ್ನುತ್ತಿದ್ದಳು. ನಿನ್ನ ಮಗಳು ನಾಚುವುದನ್ನು ಕಲಿತು ನಾಚುತ್ತಿದ್ದಾಳಲ್ಲ ಎಂದು ನನಗೆ ಚುಚ್ಚುತ್ತಿತ್ತು. ಹೇಳಲಿಲ್ಲ. ಹೇಳಿದರೆ ನೀನು ಗೆದ್ದ ಹಾಗಾಗುತ್ತಿತ್ತು.

ದಿನಾ ಚುಚ್ಚಿ ಚುಚ್ಚಿ ಅಂಗಳದ ಹಳೆಯ ಹೊದಿಕೆಯ ಅಂಚು ಜಾಲರಿಯಾಗಿತ್ತು. ಹೊಸದು ಬೇಕು ಎಂದ ಮ್ಯಾನೇಜರ್. ಯಾರು ನೇಯುವುದು ಎಂದು ಮಾತಾಯಿತು. ಪುಟ್ಟಿ ತಟ್ಟನೆ "ಒಂದರ್ಧ ನಾನು ನೇಯ್ತೀನಿ" ಎಂದಳು. ಇನ್ನೊಂದರ್ಧ ತಮ್ಮ ಮನೆಯಲ್ಲಿ ಆಗುತ್ತದೆ ಎಂದಳು ಬಡಗಿಯ ಹೆಂಡತಿ. ಆಗಲಿ, ಕೈ ಬಿಡುವಾಗಿದ್ದವರು ನೇಯಲಿ ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಮಗ್ಗದ ಕಾಲುಮಣೆ ಸಡಿಲವಾಯಿತು, ಕೊಕ್ಕರೆ ರಿಪೇರಿಗೆ ಬಂದ. ಮರುದಿನ ಮತ್ತೆ ಬಂದ. ಅದರ ಮರುದಿನವೂ. ಬಂದಾಗಲೆಲ್ಲ ಕೈಯಲ್ಲೊಂದು ಕೋಲು, ಮಗ್ಗದ ಮೇಲಿನ ಬಟ್ಟೆಗೆ ಹಿಡಿದು ಗೀಟು ಹಾಕಿಕೊಂಡು ಹೋಗುವುದು. ಕಾಲುಮಣೆ ಸರಿಮಾಡಲು ಬಟ್ಟೆಯನ್ನು ಯಾಕೆ ಅಳೆಯುತ್ತಾನೆ ಈ ಪುಣ್ಯಾತ್ಮ ಎಂದು ನಾನು ಕೇಳಬೇಕಿತ್ತು. ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದೆ, ಕೇಳಲಿಲ್ಲ. ಎರಡು ಮನೆಗಳ ನಡುವೆ ಅಳತೆಕೋಲು ಓಡಾಡಿದರೆ ಏನರ್ಥ ಎಂದು ಇಡೀ ಊರಿಗೆ ಹೇಳಿಕೊಟ್ಟವಳು ನಾನು, ನನ್ನ ಕಣ್ಣ ಮುಂದೆಯೇ ಓಡಾಡಿದ್ದು ನನಗೆ ಕಾಣಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಳ್ಳಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ಹೊಸ ಹೊದಿಕೆ ಅಂಗಳಕ್ಕೆ ಬಂತು. ಬಸ್ಸಿನ ತುಂಬ ಜನ. ನಾನು ಎಂದಿನ ಹಾಗೆ ಕನ್ನಡಕ ಬಿಟ್ಟು ಹೋಗಿ ಬೆಂಚಿನ ಎದುರು ಮಣೆಯ ಮೇಲೆ ಕೂತೆ. ಗೈಡ್ ಹುಡುಗಿ ಮೈಕಿನಲ್ಲಿ ಶುರುಮಾಡಿದಳು, ಕೊಳಲಿನ ತಾತ ಚಹಾದಷ್ಟು ರಾಗ ಹಿಡಿದರು. ಇಬ್ಬರ ಮೊಣಕಾಲ ಮೇಲೆ ಎರಡು ಅರ್ಧಗಳನ್ನು ಹರಡಿ ಅಂಚಿಗೆ ಅಂಚು ತಾಗಿಸಿದೆ. ಕಣ್ಣಿಗೆ ಮಂಜು ಮಂಜು, ಬೆರಳಿಗೆ ಮಾತ್ರ ಎಲ್ಲವೂ ಕಂಡಿತು. ಪುಟ್ಟಿಯ ಅಂಚಿನಲ್ಲಿ ಇರುವೆಸಾಲಿನ ಕುಸುರಿ ಇತ್ತು ಕಣೋ. ನನ್ನ ಸೊಸೆ, ನಿನ್ನ ಹೆಂಡತಿ, ನಿನಗಾಗಿ ನೇಯ್ದಾಗ ಎತ್ತಿದ ಅದೇ ಉಬ್ಬು ಇರುವೆಸಾಲು. ಬಸ್ಸಿನ ಜನರಿಗೆ ತೋರಿಸಲು ಯಾರೂ ಅಷ್ಟು ಕಣ್ಣು ಸುಟ್ಟುಕೊಂಡು ಇರುವೆಸಾಲು ಎತ್ತುವುದಿಲ್ಲ. ಬೆರಳನ್ನು ಅಡ್ಡಪಟ್ಟೆಯ ಮೇಲೆ ಎಳೆದೆ. ಅವಳ ಪಟ್ಟೆ ಮುಗಿದ ಕಡೆಯೇ ಅವನ ಪಟ್ಟೆ ಶುರು. ಇನ್ನೊಂದು ಎಳೆದೆ, ಅದೂ ಹಾಗೇ. ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಒಂದೆಳೆ ಹೆಚ್ಚುಕಡಿಮೆ ಇಲ್ಲ. ಆಗ ನನಗೆ ಆ ಕೋಲು ನೆನಪಾಯಿತು, ನಿಜವಾದ ಮದುವೆಗೆ ಮಾತ್ರ ಹೀಗೆ ಅಳೆದು ಪಟ್ಟೆಗೆ ಪಟ್ಟೆ ಕೂಡಿಸುತ್ತಾರೆ. ತಲೆ ಎತ್ತಿ ಪುಟ್ಟಿಯ ಮುಖ ನೋಡಿದೆ, ಸರಿಯಾಗಿ ಕಾಣಲಿಲ್ಲ. ಅವಳು ಮೆಲ್ಲಗೆ ತನ್ನ ಅಂಚನ್ನು ನನ್ನ ಬೆರಳ ಕೆಳಗೆ ಇನ್ನಷ್ಟು ಸರಿಸಿದಳು. ಇಷ್ಟು ದಿನದಲ್ಲಿ ಒಂದು ದಿನವೂ ಹಾಗೆ ಮಾಡಿರಲಿಲ್ಲ.

ನಾನು ಬಿಗಿಯಾಗಿ, ಒತ್ತೊತ್ತಾಗಿ ಹೊಲಿದೆ. ತಾತನ ರಾಗ ಮುಗಿಯಿತು, ನನ್ನ ಹೊಲಿಗೆ ಮುಗಿದಿರಲಿಲ್ಲ. ಗೈಡ್ ಹುಡುಗಿ ಗಂಟಲು ಸರಿಮಾಡಿಕೊಂಡಳು. ತಾತ ಒಂದು ಸಲ ನನ್ನ ಕೈ ನೋಡಿದರು, ಕೊಳಲನ್ನು ಮತ್ತೆ ತುಟಿಗಿಟ್ಟರು, ಮರೆತೆ ಎಂದಿದ್ದರಲ್ಲ, ಆ ಮುಂದಿನ ಭಾಗವನ್ನು ನುಡಿಸತೊಡಗಿದರು. ಅಲ್ಲಲ್ಲಿ ತಡವರಿಸಿದರು, ಹಿಂದಕ್ಕೆ ಹೋಗಿ ಮತ್ತೆ ಹಿಡಿದರು, ಆದರೆ ಬಿಡಲಿಲ್ಲ. ಹೊಲಿಗೆಯ ಕೊನೆಗೆ ಬಂದೆ. ಗಂಟು ಹಾಕಿದೆ. ಅತಿಥಿಗಳು ಚಪ್ಪಾಳೆ ತಟ್ಟಿದರು, ಹಿಂದಿನ ದಿನ ಬಂದವರು ತಟ್ಟಿದಷ್ಟೇ ತಟ್ಟಿದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಫೋಟೋಗೆ ಹೊದಿಕೆ ಕೊಡಿ ಎಂದು ಸಾಲು ನಿಂತಾಗ ನಾನು ಅದನ್ನು ಮಡಿಸಿ ಎದೆಗವುಚಿಕೊಂಡು "ಇವತ್ತು ಇಲ್ಲ" ಎಂದೆ. ಒಬ್ಬ ವಯಸ್ಸಾದ ಹೆಂಗಸು, ಭಾಷೆ ಬಾರದವಳು, ನನ್ನ ಮುಖ ನೋಡಿ ಫೋನ್ ಚೀಲಕ್ಕೆ ಹಾಕಿಕೊಂಡು ನನ್ನ ಕೈ ಹಿಡಿದು ಒತ್ತಿ ಹೋದಳು. ಅವಳಿಗೆ ಗೊತ್ತಾಗಿರಬಹುದು.

ಬಸ್ಸು ಹೋದ ಮೇಲೆ ಎಂದಿನ ಹಾಗೆ ದಾರ ಎಳೆಯಲು ಬಂದ ಗೈಡ್ ಹುಡುಗಿ ಎಳೆದಳು, ಬರಲಿಲ್ಲ. ಇನ್ನೊಮ್ಮೆ ಎಳೆದಳು. "ಅಯ್ಯೋ, ಗಂಟು ಬಿದ್ದಿದೆ!" ಎಂದು ಕೂಗಿದಳು. ಊರೇ ಸೇರಿತು. ಪಾಪ ಅಜ್ಜಿಗೆ ಕಣ್ಣು ಕಾಣಲಿಲ್ಲ, ಅಭ್ಯಾಸದ ಕೈ, ತಪ್ಪಾಯಿತು ಎಂದು ಅವರವರೇ ಹೇಳಿಕೊಂಡರು. ನಾನು ಹೊದಿಕೆಯನ್ನು ಮತ್ತೆ ಮಡಿಸುತ್ತಾ ಕೂತೆ. ಮ್ಯಾನೇಜರ್ ಓಡಿ ಬಂದು ಕನ್ನಡಕ ತೆಗೆಸಿದ್ದು ತನ್ನದೇ ತಪ್ಪು ಎಂದು ಕೈ ಮುಗಿದ. ಆಮೇಲೆ ಜೇಬಿನಿಂದ ಪುಟ್ಟ ಕತ್ತರಿ ತೆಗೆದು "ಅಜ್ಜಿ, ಇದೊಂದು ಗಂಟು ತಾನೇ, ಕತ್ತರಿಸಿಬಿಡೋಣ್ವಾ?" ಎಂದ. ಬಡಗಿಯೇ ಮುಂದೆ ಬಂದು ಅವನಿಗೆ ಆ ಹೊಲಿಗೆಗೆ ಕತ್ತರಿ ಯಾವಾಗ ಹಾಕುತ್ತಾರೆ ಎಂದು ತಿಳಿಸಿ ಹೇಳಿದ. ದಿನಾ ಮೈಕಿನಲ್ಲಿ ಕೇಳಿದ್ದೇ, ಆದರೂ ಅವನ ಮುಖ ಬಿಳಿಚಿಕೊಂಡಿತು, ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದ. ಒಳ್ಳೆಯ ಹುಡುಗ, ಯಾರ ಹೊಟ್ಟೆಯಲ್ಲಿ ಹುಟ್ಟಿದನೋ. ಇನ್ನು ಮೇಲೆ ಅಂಗಳದಲ್ಲಿ ಸೂಜಿ ಹಿಡಿಯುವುದಿಲ್ಲ, ಬೇಕಿದ್ದರೆ ನೂಲುವುದನ್ನು ತೋರಿಸುತ್ತೇನೆ, ಅದೂ ಕನ್ನಡಕ ಹಾಕಿಕೊಂಡು ಎಂದೆ. ತಲೆಯಾಡಿಸಿದ.

ಕೊಳಲಿನ ತಾತ ತೀರ್ಪು ಹೇಳಿದರು. "ಗಂಟು ಬಿದ್ದಿದೆ, ದಾರ ಕಡಿದಿಲ್ಲ. ಅರ್ಧ ಮದುವೆ ಆಗಿದೆ. ಹುಡುಗಿ ಅಪ್ಪ ಬಂದು ಕಡೀಲಿ, ಪೂರ್ತಿ ಆಗುತ್ತೆ. ಬರಲಿಲ್ಲ ಅಂದ್ರೆ ಏನು ಮಾಡ್ಬೇಕೋ ನಂಗೊತ್ತಿಲ್ಲಪ್ಪ, ಇಂಥದ್ದು ನಾನು ನೋಡಿಲ್ಲ." ಬಡಗಿಯ ಹೆಂಡತಿ ಮೂಲೆಯಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಅರ್ಧದ ಪಟ್ಟೆಗಳು ಅಷ್ಟು ಸರಿಯಾಗಿ ಕೂಡಿಬಂದದ್ದು ಹೇಗೆ ಎಂದು ಒಂದು ದಿನ ನಿಧಾನವಾಗಿ ವಿಚಾರಿಸಿಕೊಳ್ಳುತ್ತೇನೆ.

ಮನೆಗೆ ಬಂದು ಪುಟ್ಟಿಯನ್ನು ಹತ್ತಿರ ಕೂರಿಸಿಕೊಂಡೆ. ಬೇಡವಾಗಿದ್ದರೆ ಹೇಳು, ಗಂಟನ್ನು ಸೂಜಿಯ ತುದಿಯಿಂದಲೇ ಬಿಡಿಸುತ್ತೇನೆ, ಮುದುಕಿಯ ಕೈ ತಪ್ಪು ಎಂದೇ ಇರಲಿ ಎಂದೆ. ಅವಳು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. "ದಿನಾ ಮದುವೆ ಆಗಿ ಆಗಿ, ನಿಜವಾಗ್ಲೂ ಆಗೋ ದಿನ ನಂಗೆ ಏನೂ ಅನ್ನಿಸದೇ ಹೋದ್ರೆ ಅಂತ ಭಯ ಆಗಿತ್ತಜ್ಜಿ. ಅದಕ್ಕೇ ಅಮ್ಮನ ಇರುವೆಸಾಲು ಎತ್ತಿದೆ. ನಿನ್ನ ಕೈಗೆ ಗೊತ್ತಾಗುತ್ತೆ ಅಂತ ನಂಗೆ ಗೊತ್ತಿತ್ತು" ಎಂದಳು. ಏನನ್ನಿಸಿತು ಎಂದು ಕೇಳಿದೆ. ಅವಳು ನಾಚಿದಳು. ಕಲಿತ ನಾಚಿಕೆ ಅಲ್ಲ ಕಣೋ. ಕಿವಿಯವರೆಗೆ ಕೆಂಪಾಗಿದ್ದಳು, ಥೇಟ್ ಅವಳ ಅಮ್ಮನ ಹಾಗೆ. ನನಗೆ ಅಳು ಬಂದುಬಿಟ್ಟಿತು.

ಇಷ್ಟೇ ಸುದ್ದಿ. ಬಾ ಎಂದು ನಾನು ಕರೆಯುವುದಿಲ್ಲ. ನೀನು ಒಂದು ಮಾತು ಆಡಿ ಹೋದವನು, ನಾನು ಆ ಮಾತು ಕೇಳಿಸಿಕೊಂಡವಳು. ನಿನ್ನ ಹಟ ನಿನಗೆ ಎಲ್ಲಿಂದ ಬಂತು ಎಂದು ನಿನ್ನಪ್ಪ ಯಾವಾಗಲೂ ನನ್ನ ಕಡೆ ನೋಡಿ ಕೇಳುತ್ತಿದ್ದರು. ನಿನ್ನ ಮನಸ್ಸಿಗೆ ತೋಚಿದ ಹಾಗೆ ಮಾಡು. ಬಿಸಿನೀರು ಕುಡಿ. ಬಡಗಿ, ಬಡಗಿಯ ಹೆಂಡತಿ, ತಾತ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನಿನ್ನ ಗೊರಕೆಯ ಗೆಳೆಯನಿಗೂ ನನ್ನ ಆಶೀರ್ವಾದ ತಿಳಿಸು. ನೀನು ನೂರು ಕಾಲ ಚೆನ್ನಾಗಿ ಬಾಳು, ನಿನ್ನ ಉಸಿರು ಹಗುರಾಗಲಿ, ನಿನ್ನ ಕೈ ಹಿಡಿದ ಮಗ್ಗವೆಲ್ಲ ಸರಾಗ ಓಡಲಿ.

ಇಂತಿ,
ಬೋರ್ಡಿನ ಮೇಲೆ ನಗುವ, ಮನೆಯಲ್ಲಿ ನಿನ್ನನ್ನು ನೆನೆಯುವ
ನಿನ್ನ ಅಮ್ಮ

ಮರೆತದ್ದು: ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಲೇ ಕಳಿಸಬೇಕು, ಬೇಗ ಬೇಗ ಬರೆಯುತ್ತೇನೆ. ಮೇಲೆ ಕರೆಯುವುದಿಲ್ಲ ಎಂದು ಬರೆದದ್ದು ಸುಳ್ಳು. ಅಪ್ಪನ ಬದಲು ಊರಿನ ಹಿರಿಯರು ಯಾರಾದರೂ ಕಡಿಯಲಿ ಎಂದು ಬಡಗಿ ಕೇಳಿದ್ದಕ್ಕೆ ಪುಟ್ಟಿ ಒಪ್ಪಲಿಲ್ಲ. "ಅಪ್ಪ ಬರದಿದ್ರೆ ಕತ್ತರಿ ಹಾಕಿಬಿಡಜ್ಜಿ. ಅಪ್ಪ ಇಲ್ಲದ ಮದುವೆ, ಅದೂ ನಾಟಕಾನೇ" ಎಂದಳು. ಅವಳು ನಿನ್ನ ಮಗಳು, ಹೇಳಿದಂತೆ ಮಾಡಿಸುತ್ತಾಳೆ. ಇನ್ನೊಂದು ಬಾರಿ ಅಂಥ ಹೊಲಿಗೆಗೆ ಕತ್ತರಿ ಹಿಡಿಯಲು ನನ್ನ ಕೈಲಾಗುವುದಿಲ್ಲ. ಹೊದಿಕೆ ಮಗ್ಗದ ಕೋಣೆಯ ಗೂಟಕ್ಕೆ ನೇತಾಡುತ್ತಿದೆ, ದಾರದ ತುದಿಯಲ್ಲಿ ಸೂಜಿ ಹಾಗೇ ಇದೆ. ಈಗ ನಿಜವಾದ ವಿಷಯ ಕೇಳು. ಗುಡ್ಡದ ಹಿಂದಿನ ಹಳೆಯ ಕಾಲುದಾರಿ ನೆನಪಿದೆಯಲ್ಲ, ತೊರೆಯ ಮರದ ಸೇತುವೆ ಮುರಿದ ಮೇಲೆ ಯಾರೂ ಓಡಾಡದೆ ಮುಚ್ಚಿಹೋಗಿತ್ತು. ಶುಕ್ರವಾರದಿಂದ ಕೊಕ್ಕರೆ ಯಾರಿಗೂ ಹೇಳದೆ ಪೊದೆ ಕಡಿಯುತ್ತಿದ್ದ, ನಿನ್ನೆ ಹೊಸ ಹಲಗೆ ಹಾಕಿ ಮುಗಿಸಿದ. ನಾನೇ ಹೋಗಿ ತುಳಿದು ನೋಡಿಬಂದೆ, ಗಟ್ಟಿಯಾಗಿದೆ. ಆ ದಾರಿಯಲ್ಲಿ ಗೇಟಿಲ್ಲ ಕಣೋ, ಟಿಕೆಟ್ ಕೇಳುವವರಿಲ್ಲ, ನೀನು ಆಡಿದ ಮಾತಿಗೂ ಭಂಗವಿಲ್ಲ. ತೊರೆಯ ಹತ್ತಿರ ಚಳಿ, ನಿನ್ನ ಅರ್ಧ ಹೊದ್ದುಕೊಂಡು ಬಾ. ನಾನೇ ಕಡಿದುಬಿಡೋಣವೆಂದರೆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಬಾ ಮಗನೇ.